98 ಸಿಸಿಯಲ್ಲಿ ಫೆರಾರಿ ಲೆಕ್ಕ

ದೇವಲಾಪುರದಂಥ ಹಳ್ಳಿಗಳ ರಸ್ತೆಗಳಲ್ಲಿ ಹಾಲಿನ ಕ್ಯಾನ್ ಹೊತ್ತು ಓಡುವ ಹಳೆಯ ಯಮಹಾ ಆರ್‌ಎಕ್ಸ್ 100ಕ್ಕೂ ಇಟಲಿಯ ಫೆರಾರಿಗೂ ಏನು ನಂಟು? ಲೆಕ್ಕ ಹಾಕಿದರೆ ಉಂಟು. 1994ರ ಫೆರಾರಿ ಎಫ್355 ಕಾರು ಮೂರೂವರೆ ಲೀಟರ್ ಎಂಜಿನ್ನಿಂದ 380 ಅಶ್ವಶಕ್ತಿ ತೆಗೆಯುತ್ತಿತ್ತು. ಲೀಟರಿಗೆ ಸುಮಾರು 109. ಆರ್‌ಎಕ್ಸ್ 98 ಸಿಸಿಯಲ್ಲೇ 11 ಅಶ್ವಶಕ್ತಿ ಕೊಡುತ್ತಿತ್ತು, ಅಂದರೆ ಲೀಟರಿಗೆ 112! ಇದರಲ್ಲಿ ಒಂಚೂರು ಕೈಚಳಕವಿದೆ ಅನ್ನಿ. ಕಾರಿನ ಫೋರ್‌ಸ್ಟ್ರೋಕ್ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಕಿಡಿ ಹತ್ತಿದರೆ, ಆರ್‌ಎಕ್ಸ್‌ನ ಟೂಸ್ಟ್ರೋಕಿನಲ್ಲಿ ಸುತ್ತು ಸುತ್ತಿಗೂ ಹತ್ತುತ್ತದೆ.

ಸದ್ದಿನ ಲೆಕ್ಕ ಮಾತ್ರ ಹೀಗೆ ಸರಿದೂಗುವುದಿಲ್ಲ. ಎಂಟು ಸಿಲಿಂಡರಿನ ಆ ಕಾರು 8,250 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ 550 ಸಲ ಸಿಡಿಯುತ್ತದೆ; ಆರ್‌ಎಕ್ಸ್ 7,500ರಲ್ಲಿ 125 ಸಲ. ಒಂಟಿ ಸಿಲಿಂಡರಿಗೆ ಆ ಚೀತ್ಕಾರ ಎಂದೂ ಬಾರದು. ಆದರೆ ಅದಕ್ಕೆ ತನ್ನದೇ ಗಂಟಲಿದೆ, ಅದನ್ನು ಹದ ಮಾಡುವ ಕಸುಬೇ ಟ್ಯೂನಿಂಗ್.

ಈ ಕಸುಬಿನ ಮೂಲಗುಟ್ಟು ಒಂದು ಕಾಲಕ್ಕೆ ಪ್ರಾಣದಷ್ಟು ದುಬಾರಿಯಾಗಿತ್ತು. ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ವಾಲ್ಟರ್ ಕಾಡೆನ್, ಹೊಗೆ ಹೊರಹೋಗುವ ಕೊಳವೆಯನ್ನೇ ಪಳಗಿಸಿದ. ಸಿಲಿಂಡರಿನ ಬಾಯಿ ತೆರೆದಾಗ ಒತ್ತಡದ ಅಲೆಯೊಂದು ಕೊಳವೆಗೆ ನುಗ್ಗುತ್ತದೆ. ಕೊಳವೆ ಅಗಲವಾಗುವಲ್ಲಿ ಹುಟ್ಟುವ ಸೆಳೆತ ಹೊಸ ಪೆಟ್ರೋಲು-ಗಾಳಿಯನ್ನು ಒಳಕ್ಕೆಳೆಯುತ್ತದೆ. ಕಿರಿದಾಗುವಲ್ಲಿ ಬಡಿದು ಮರಳುವ ಅಲೆ, ಹೊರಗೆ ಜಾರಿದ ಪಾಲನ್ನು ಮತ್ತೆ ಸಿಲಿಂಡರಿಗೇ ನೂಕುತ್ತದೆ. ಸದ್ದೇ ಶಕ್ತಿಯಾಗುವುದು ಹೀಗೆ. 1961ರಲ್ಲಿ ಎಂಝಡ್ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನ ಹೊತ್ತಿಗೆ ದೇಶ ಬಿಟ್ಟು ಓಡಿ ಸುಜುಕಿ ಸೇರಿದ, ಗುಟ್ಟೂ ಜೊತೆಗೇ ಹೋಯಿತು. ಮರುವರ್ಷವೇ ಸುಜುಕಿ 50 ಸಿಸಿಯ ವಿಶ್ವ ಚಾಂಪಿಯನ್!

ಸೈಲೆನ್ಸರಿನ ಒಳತಗಡು ಕಿತ್ತೆಸೆದು ಊರೆಲ್ಲ ನಡುಗಿಸುವ ಹುಡುಗರಿಗೆ ಇದನ್ನು ಹೇಳಬೇಕು. ತಗಡು ಹೋದರೆ ಅಲೆಯ ಅಳತೆಯೂ ಕೆಡುತ್ತದೆ. ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ. ರಾಜ್ಯದ ಹಲವೆಡೆ ಪೊಲೀಸರು ರೋಡ್ ರೋಲರ್ ಹರಿಸಿ ಅಪ್ಪಚ್ಚಿ ಮಾಡಿದ ಸೈಲೆನ್ಸರುಗಳ ಬಗ್ಗೆ ನನಗೇನೂ ಮರುಕವಿಲ್ಲ.

ಕೆಲಸ ಬಲ್ಲ ಮೆಕ್ಯಾನಿಕ್ ಮೊದಲು ಅರ ಹಿಡಿಯುತ್ತಾನೆ. ಸಿಲಿಂಡರಿನ ಹೊಗೆಬಾಯಿಯನ್ನು ಕೂದಲೆಳೆಯಷ್ಟು ಎತ್ತರಿಸಿದರೆ ಎಂಜಿನ್ ಮೇಲಿನ ಆರ್‌ಪಿಎಮ್‌ನಲ್ಲಿ ಹಾಡತೊಡಗುತ್ತದೆ. ಲೇತಿನಲ್ಲಿ ಹೆಡ್ ತುಸು ಕೆತ್ತಿಸಿದರೆ ಕಂಪ್ರೆಷನ್ ಏರುತ್ತದೆ. ಕಾರ್ಬುರೇಟರಿಗೆ ದೊಡ್ಡ ಜೆಟ್ ಹಾಕುವುದನ್ನು ಮರೆತರೋ, ಪೆಟ್ರೋಲು ಸಾಲದೆ ಕಾದ ಪಿಸ್ಟನ್ ನಡುದಾರಿಯಲ್ಲೇ ಹಿಡಿದುಕೊಳ್ಳುತ್ತದೆ.

ಮೈಸೂರು ಸೀಮೆಯವರಿಗೆ ಈ ಹುಚ್ಚು ಹಿಡಿದದ್ದು ಆರ್‌ಎಕ್ಸ್‌ಗಿಂತ ಮೊದಲೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಲ್ಲಿ ಬೈಕು ಹೊರತಂದಿತು. ಒಂದೇ ಸಿಲಿಂಡರಿಗೆ ಜೋಡಿ ಸೈಲೆನ್ಸರ್ ಎಂಬುದೇ ಅದರ ಠೀವಿ. 1978ರ ರೋಡ್‌ಕಿಂಗ್ 250 ಸಿಸಿಗೆ 16 ಅಶ್ವಶಕ್ತಿ ಕೊಡುತ್ತಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದೇ ವರ್ಷ ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. 2018ರಲ್ಲಿ ಜಾವಾ ಮರಳಿತು, ಆದರೆ ಫೋರ್‌ಸ್ಟ್ರೋಕ್ ಆಗಿ. ಜೋಡಿ ಸೈಲೆನ್ಸರನ್ನು ಮಾತ್ರ ಕಂಪನಿ ಬಿಡಲಿಲ್ಲ.

ಹಳೆಯ ಆರ್‌ಎಕ್ಸ್ ಮನೆಯಲ್ಲಿರುವವರಿಗೆ ಒಂದು ಕಿವಿಮಾತು: ಹೊಗೆಬಾಯಿ ಎತ್ತರಿಸಿದ ಎಂಜಿನ್ ಕೆಳಗಿನ ಆರ್‌ಪಿಎಮ್‌ನಲ್ಲಿ ಸೊರಗುತ್ತದೆ. ಬೆಳಗ್ಗೆ ಎರಡು ಕ್ಯಾನ್ ಹಾಲು ಡೇರಿಗೆ ಮುಟ್ಟಿಸಬೇಕಿದ್ದರೆ ಅರ ಮುಟ್ಟಿಸಬೇಡಿ.