ನಿಮಗಿದು ಗೊತ್ತೆ? ಕಂಠೀರವದಲ್ಲಿ ಗೆದ್ದ ದ್ವೀಪದ ತಂಡ

ಮಾಲ್ದೀವ್ಸ್‌ನ ದ್ವೀಪಗಳನ್ನೆಲ್ಲ ಒಟ್ಟು ಸೇರಿಸಿದರೂ ನೆಲ ಸುಮಾರು 300 ಚದರ ಕಿ.ಮೀ. ಮಾತ್ರ. ನಮ್ಮ ರಾಮದುರ್ಗ ತಾಲ್ಲೂಕೇ ಅದಕ್ಕಿಂತ ದೊಡ್ಡದು! ಅಲ್ಲಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಪಂದ್ಯಗಳು ಹೆಚ್ಚಾಗಿ ನಡೆಯುವುದು ರಾಜಧಾನಿ ಮಾಲೆಯ ಒಂದೇ ಕ್ರೀಡಾಂಗಣದಲ್ಲಿ. ಆ ಲೀಗ್‌ನ ಮಝಿಯಾ ಕ್ಲಬ್ 2020ರ ಫೆಬ್ರುವರಿಯಲ್ಲಿ, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಪ್ಲೇಆಫ್‌ನಲ್ಲಿ, ಬೆಂಗಳೂರು ಎಫ್‌ಸಿಗೆ ಎದುರಾಯಿತು. 2016ರಲ್ಲಿ ಈ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದೇ. ಮಾಲೆಯಲ್ಲಿ 1–2ರಿಂದ ಸೋತು ಬಂದ ನಮ್ಮವರು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 3–2ರಿಂದ ಗೆದ್ದು ಲೆಕ್ಕ ಸಮ ಮಾಡಿದರು. ಆದರೆ ಪೆನಾಲ್ಟಿಯಲ್ಲಿ ಮಝಿಯಾ 4–3ರಿಂದ ಗೆದ್ದೇಬಿಟ್ಟಿತು. ದ್ವೀಪದವರ ಆಟ ಅಷ್ಟು ಗಟ್ಟಿ: 2008 ಮತ್ತು 2018ರ ಸ್ಯಾಫ್ (ದಕ್ಷಿಣ ಏಷ್ಯಾ) ಫುಟ್‌ಬಾಲ್ ಫೈನಲ್‌ಗಳಲ್ಲಿ ಭಾರತ ಸೋತದ್ದೂ ಮಾಲ್ದೀವ್ಸ್‌ಗೇ.