ಎರಡಿಂಚು ನೀರೆಂದರೆ ಎಷ್ಟು ಲೀಟರು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟಿಂಚು ಬಿತ್ತು?’ ಎಂಬುದು. 1956ರ ಕಾಯ್ದೆ ಮೆಟ್ರಿಕ್ ಪದ್ಧತಿ ತಂದ ಮೇಲೆ ನಮ್ಮ ಸೇರು, ಪಾವು, ಚಟಾಕುಗಳು ಅಂಗಡಿಯಿಂದ ಮರೆಯಾದವು. ಇಂಗ್ಲಿಷರ ಇಂಚು ಮಾತ್ರ ಬೋರಿನ ಬಾಯಲ್ಲಿ ಗಟ್ಟಿಯಾಗಿ ಕೂತಿತು. ಉದ್ದ ಅಳೆಯಬೇಕಾದ ಮಾನದಿಂದ ನೀರು ಅಳೆಯುವ ಈ ರೂಢಿ ರೈತನ ಲೆಕ್ಕವನ್ನೇ ತಪ್ಪಿಸುತ್ತಿದೆ.

ಕೆರೆಯ ಕಾಲದಲ್ಲಿ ಅಳೆಯುತ್ತಿದ್ದುದು ನೀರನ್ನಲ್ಲ, ಅದು ತಣಿಸುವ ಗದ್ದೆಯನ್ನು. ಇಷ್ಟು ಕೊಳಗದ, ಇಷ್ಟು ಖಂಡುಗದ ಗದ್ದೆ ಎಂದರೆ ಸಾಕು, ತೂಬು ಎಷ್ಟು ಹೊತ್ತು ತೆರೆದಿರಬೇಕೆಂಬುದು ನೀರುಗಂಟಿಗೆ ಗೊತ್ತಿತ್ತು. ಆ ಜ್ಞಾನ ಕೆರೆಗಳ ಜೊತೆಗೇ ಒಣಗಿತು. ಕೆರೆಯ ಜಾಗಕ್ಕೆ ಬೋರ್‌ವೆಲ್ ಬಂತು. ಗಟ್ಟಿಬಂಡೆ ಕೊರೆಯುವ ರಿಗ್‌ಗಳನ್ನು 1967ರ ಬಿಹಾರದ ಬರಕ್ಕೆ ಯುನಿಸೆಫ್ ತರಿಸಿತು. ಮುಂದೆ ತಮಿಳುನಾಡಿನ ತಿರುಚೆಂಗೋಡಿನ ಲಾರಿಗಳು ಇಂಥ ಯಂತ್ರಗಳನ್ನು ಊರೂರಿಗೆ ಮುಟ್ಟಿಸಿದವು. ಕಂಪ್ರೆಸರ್ ಗಾಳಿಗೆ ಚಿಮ್ಮಿದ ನೀರನ್ನು ಕಾಲುವೆಗೆ ತಿರುಗಿಸಿ, ‘ವಿ’ ಆಕಾರಕ್ಕೆ ಕತ್ತರಿಸಿದ ತಗಡನ್ನು ಅಡ್ಡ ನಿಲ್ಲಿಸುತ್ತಾರೆ. ಆ ಸೀಳಿನಲ್ಲಿ ನೀರು ಹರಿಯುವ ಎತ್ತರವೇ ಈ ಇಂಚು. ಎಂಜಿನಿಯರು ಅದನ್ನು ಕೋಷ್ಟಕದಲ್ಲಿ ಹುಡುಕಿ ಲೀಟರಿಗೆ ತಿರುಗಿಸುತ್ತಾನೆ. ಹೊಲಕ್ಕೆ ತಗಡು ಬಂತು, ಕೋಷ್ಟಕ ಬರಲಿಲ್ಲ.

ತೊಡಕಿರುವುದು ಇಲ್ಲೇ. ಸೀಳು ಮೇಲೇರಿದಂತೆ ಅಗಲವಾಗುತ್ತದೆ. 90 ಡಿಗ್ರಿಯ ಸೀಳಿನಲ್ಲಿ ಒಂದಿಂಚೆಂದರೆ ಗಂಟೆಗೆ ಸುಮಾರು 530 ಲೀಟರು. ಎರಡಿಂಚು ಅದರ ಎರಡು ಪಟ್ಟಲ್ಲ, ಹತ್ತಿರ ಹತ್ತಿರ 3,000 ಲೀಟರು. ಎರಡೂವರೆ ಇಂಚು ಎರಡಕ್ಕಿಳಿದರೆ ‘ಅರ್ಧ ಇಂಚು ತಾನೇ’ ಎಂದು ಸಮಾಧಾನಪಡುತ್ತೇವೆ. ಹೋದದ್ದು ಶೇ 40ಕ್ಕೂ ಹೆಚ್ಚು ನೀರು. ಅದೂ ಕಂಪ್ರೆಸರ್ ಊದಿದ ಆ ಹೊತ್ತಿನ ಅಳತೆ. ಪಂಪು ಇಳಿಸಿ ಗಂಟೆಗಟ್ಟಲೆ ಎತ್ತಿದರೆ ಅಷ್ಟೇ ಬರುತ್ತದೆಂಬ ಖಾತ್ರಿಯಿಲ್ಲ. ಸಾಲ ಮಾಡಿ ಟೊಮೆಟೊ ನಾಟಿಗೆ ಇಳಿಯುವುದು ಮಾತ್ರ ಅದೇ ಇಂಚನ್ನು ನಂಬಿ.

ಇಂಚು ಕಣ್ಣಿಗೆ ಕಾಣುತ್ತದೆ, ಲೀಟರು ಕಾಣದು ಎನ್ನುವವರಿದ್ದಾರೆ. ಕಾಣುವುದೇನೋ ನಿಜ. ಆದರೆ 200 ಲೀಟರಿನ ಡ್ರಮ್ಮು ತುಂಬಲು ಎಷ್ಟು ಹೊತ್ತಾಯಿತೆಂದು ನೋಡಲು ಕೈಯಲ್ಲಿರುವ ಮೊಬೈಲಿನ ಗಡಿಯಾರ ಸಾಲದೇ? ಹನಿ ನೀರಾವರಿಯ ಡ್ರಿಪ್ಪರು ಗಂಟೆಗೆ ಇಷ್ಟು ಲೀಟರೆಂದೇ ಮಾರಾಟವಾಗುತ್ತದೆ. ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿಸತೊಡಗಿದ ಕೆ.ಸಿ. ವ್ಯಾಲಿ ಯೋಜನೆಯ ಲೆಕ್ಕವೂ ದಿನಕ್ಕೆ 440 ದಶಲಕ್ಷ ಲೀಟರೆಂದೇ. ಕೆರೆಗೆ ಲೀಟರು, ಬೋರಿಗೆ ಇಂಚು ಎಂದಾದರೆ ಬಂದದ್ದೆಷ್ಟು, ಎತ್ತಿದ್ದೆಷ್ಟು ಎಂದು ಕೂಡಿ ಕಳೆಯುವುದು ಹೇಗೆ? ಲೆಕ್ಕ ಸರಿಯಾದರೆ ನೀರು ಹೆಚ್ಚುತ್ತದೆಯೇ ಎಂದು ಕೇಳಬಹುದು. ಹೆಚ್ಚುವುದಿಲ್ಲ. ಆದರೆ ಅಂತರ್ಜಲ ಮಿತಿಮೀರಿ ಬಳಕೆಯಾದ ತಾಲ್ಲೂಕುಗಳಲ್ಲಿ ಇರುವಷ್ಟಕ್ಕೆ ತಕ್ಕ ಬೆಳೆ ಆರಿಸಲಾದರೂ ಆಗುತ್ತದೆ. ರಿಗ್‌ನವರು ಕೊಡುವ ಚೀಟಿಯಲ್ಲಿ ಕೊರೆದ ಅಡಿಯ ಲೆಕ್ಕದ ಕೆಳಗೆ ಗಂಟೆಗೆ ಎಷ್ಟು ಲೀಟರೆಂಬುದನ್ನೂ ಬರೆಸಿಕೊಳ್ಳಿ.