ಮನೆಯ ಪ್ರೆಶರ್ ಕುಕ್ಕರ್: ಆರಿಸುವುದು ಮತ್ತು ಬಳಸುವುದು

ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುವಾಗ "ಕೆಲವು ದಿನ ಮೆತ್ತನೆಯ ಊಟ ಕೊಡಿ" ಎಂದು ವೈದ್ಯರು ಹೇಳುವುದುಂಟು. ಹೆಸರುಬೇಳೆ ಕಿಚಡಿ, ಜೋಳದ ನುಚ್ಚಿನ ಗಂಜಿ, ಮೆತ್ತಗೆ ಬೆಂದ ತರಕಾರಿ ಇವೆಲ್ಲಕ್ಕೂ ಕುಕ್ಕರ್ ಬಹಳ ಅನುಕೂಲ. ಆದರೆ ಅದೇ ಕುಕ್ಕರಿನ ಹಬೆಯಿಂದ ಮುಖ, ಎದೆ, ಕೈ ಸುಟ್ಟುಕೊಂಡು ಆಸ್ಪತ್ರೆಗೆ ಬರುವವರೂ ಇದ್ದಾರೆ. ರೋಗಿಯ ಆರೈಕೆಯ ಅವಸರದಲ್ಲಿರುವ ಮನೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಈ ನಾಲ್ಕು ಮಾತುಗಳನ್ನು ದಯವಿಟ್ಟು ಓದಿ. ಓದಲು ಬಾರದವರಿಗೆ ಓದಿ ಹೇಳಿರಿ.

ಕುಕ್ಕರ್ ಒಳಗೆ ಏನಾಗುತ್ತದೆ?

ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಎಷ್ಟೇ ಉರಿ ಹಾಕಿದರೂ ಅದಕ್ಕಿಂತ ಬಿಸಿ ಏರುವುದಿಲ್ಲ. ಕುಕ್ಕರಿನಲ್ಲಿ ಹಬೆ ಹೊರಗೆ ಹೋಗದಂತೆ ತಡೆಯುವುದರಿಂದ ಒತ್ತಡ ಏರಿ, ಬಿಸಿ ಸುಮಾರು 120 ಡಿಗ್ರಿಗೆ ಮುಟ್ಟುತ್ತದೆ. ಬೇಳೆ ಬೇಗ ಬೇಯುವುದು ಇದರಿಂದಲೇ. ಫ್ರಾನ್ಸಿನ ಡೆನಿಸ್ ಪಾಪಿನ್ ಎಂಬ ವಿಜ್ಞಾನಿ 1679ರಲ್ಲಿಯೇ ಲಂಡನ್ನಿನಲ್ಲಿ ಇಂಥ ಪಾತ್ರೆಯನ್ನು ತೋರಿಸಿದ್ದನು. ಹೆಚ್ಚಾದ ಹಬೆ ಹೊರಹೋಗಲು ವಾಲ್ವನ್ನೂ ಅಳವಡಿಸಿದ್ದನು.

ನಮ್ಮ ಮನೆಗಳ ಕುಕ್ಕರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಕೇಳಲು ಚಿಕ್ಕದು. ಆದರೆ 20 ಸೆಂ.ಮೀ. ಅಗಲದ ಮುಚ್ಚಳದ ಮೇಲೆ ಒಟ್ಟು 300 ಕೆ.ಜಿ.ಗೂ ಮೀರಿದ ಬಲ ಬೀಳುತ್ತದೆ. ಅಂದರೆ 50 ಕೆ.ಜಿ.ಯ ಆರು ಅಕ್ಕಿ ಮೂಟೆಗಳ ಭಾರದಷ್ಟು! ಬಲವಂತವಾಗಿ ಮುಚ್ಚಳ ತಿರುಗಿಸಿದರೆ ಏನಾದೀತು ಎಂಬುದನ್ನು ಇದರಿಂದ ನೀವೇ ಊಹಿಸಬಹುದು.

ಕೊಳ್ಳುವಾಗ

ಐ.ಎಸ್.ಐ. ಗುರುತು ಇಲ್ಲದ ಕುಕ್ಕರನ್ನು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ. ಕೇಂದ್ರ ಸರ್ಕಾರದ 2020ರ ಆದೇಶದಂತೆ ಈ ಗುರುತು ಕಡ್ಡಾಯವಾಗಿದ್ದು, ಅದು 2021ರ ಫೆಬ್ರವರಿ 1ರಿಂದ ಜಾರಿಗೆ ಬಂದಿದೆ. ಐ.ಎಸ್. 2347 ಎಂಬ ಸಂಖ್ಯೆಯನ್ನು ನೋಡಿಕೊಳ್ಳಿ.

ಇಬ್ಬರು ಮೂವರಿಗೆ 3 ಲೀಟರ್, ನಾಲ್ಕೈದು ಮಂದಿಗೆ 5 ಲೀಟರ್ ಸಾಕು. ಚಿಕ್ಕ ಕುಕ್ಕರ್ ಕೊಂಡು ಅದರಲ್ಲಿ ತುಂಬಾ ತುರುಕುವುದಕ್ಕಿಂತ ಸ್ವಲ್ಪ ದೊಡ್ಡದೇ ಒಳ್ಳೆಯದು. ಅಲ್ಯೂಮಿನಿಯಂ ಹಗುರ, ಬೆಲೆಯೂ ಕಡಿಮೆ. ಆದರೆ ಹುಣಸೆಹಣ್ಣು ಹಾಕಿದ ಸಾರು, ಹುಳಿಗಳನ್ನು ಅದರಲ್ಲೇ ರಾತ್ರಿಯಿಡೀ ಬಿಡಬಾರದು. ಇಂಡಕ್ಷನ್ ಒಲೆಯಿದ್ದರೆ ಸಾದಾ ಅಲ್ಯೂಮಿನಿಯಂ ನಡೆಯುವುದಿಲ್ಲ, ಅದಕ್ಕೆಂದೇ ಮಾಡಿದ ತಳ ಬೇಕು. ಮುಚ್ಚಳ ಒಳಗಡೆಯಿಂದ ಕೂರುವ ಮಾದರಿಯಲ್ಲಿ ಒತ್ತಡವಿರುವಾಗ ಮುಚ್ಚಳ ತಾನಾಗಿ ಬಿಗಿದುಕೊಂಡಿರುತ್ತದೆ. ವಯಸ್ಸಾದವರು ಅಥವಾ ಅವಸರದ ಸ್ವಭಾವದವರು ಅಡುಗೆ ಮಾಡುವ ಮನೆಗೆ ಇದು ಲೇಸು.

ಹಬೆಯ ದಾರಿಗಳು

ಇದು ಅತಿ ಮುಖ್ಯ. ಹಬೆ ಮೊದಲು ವಿಷಲ್ ಕೂರುವ ಸಣ್ಣ ಕೊಳವೆಯಿಂದ ಹೋಗುತ್ತದೆ. ಅದು ಕಟ್ಟಿಕೊಂಡರೆ ಮುಚ್ಚಳದಲ್ಲಿರುವ ಸೇಫ್ಟಿ ವಾಲ್ವ್ ಕರಗಿ ಅಥವಾ ತೆರೆದು ದಾರಿ ಕೊಡುತ್ತದೆ. ಅಕ್ಕಿಯ ಗಂಜಿ, ಬೇಳೆಯ ಸಿಪ್ಪೆ ಕೊಳವೆಯಲ್ಲಿ ಒಣಗಿ ಕೂರುವುದು ಸಾಮಾನ್ಯ. ಪ್ರತಿ ಸಲ ಅಡುಗೆಗೆ ಮುಂಚೆ ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯ ತೂತಿನಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಕುಕ್ಕರ್ ಒಲೆಯ ಮೇಲೆ ಇಡಲೇಬಾರದು.

ಸೇಫ್ಟಿ ವಾಲ್ವ್ ಹೋದಾಗ ಅದರ ಜಾಗಕ್ಕೆ ನಟ್ಟು, ಬೋಲ್ಟು, ಎಂ-ಸೀಲ್ ಹಾಕಿಸಿ ಬಳಸುವವರಿದ್ದಾರೆ. ಕೆಲವೇ ರೂಪಾಯಿ ಉಳಿಸಲು ಮಾಡುವ ಈ ಕೆಲಸ ಜೀವಕ್ಕೇ ಎರವಾದೀತು. ವಾಲ್ವ್, ವಿಷಲ್, ಗ್ಯಾಸ್ಕೆಟ್ ಮೂರನ್ನೂ ಅದೇ ಕಂಪನಿಯದ್ದನ್ನೇ ಹಾಕಿ. ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟರೆ, ಪಕ್ಕದಿಂದ ಹಬೆ ಸೋರಿದರೆ ಬದಲಿಸಿ.

ಬೇಯಿಸುವಾಗ

ಕುಕ್ಕರ್ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು. ಅಕ್ಕಿ, ಬೇಳೆ, ನುಚ್ಚು, ಗಂಜಿ ಉಬ್ಬಿ ನೊರೆ ಬರುವುದರಿಂದ ಅರ್ಧಕ್ಕಿಂತ ಮೇಲೆ ಬೇಡ. ನೀರಿಲ್ಲದೆ ಎಂದೂ ಇಡಬೇಡಿ. ವಿಷಲ್ ತೆಗೆದು ಹಾಕುವ ಮಾದರಿಯಾದರೆ ಕೊಳವೆಯಿಂದ ಹಬೆ ಒಂದೇ ಸಮನೆ ಬಂದ ಮೇಲೆ ವಿಷಲ್ ಇಡಿ. ಹತ್ತು ಹದಿನೈದು ನಿಮಿಷವಾದರೂ ವಿಷಲ್ ಕೂಗದಿದ್ದರೆ ಒಲೆ ಆರಿಸಿ. ತಣ್ಣಗಾಗುವವರೆಗೆ ಅದನ್ನು ಅಲುಗಾಡಿಸಬೇಡಿ.

"ಬೇಳೆಗೆ ನಾಲ್ಕು ಕೂಗು" ಎಂದು ಎಣಿಸುವ ರೂಢಿ ನಮ್ಮಲ್ಲಿದೆ. ಉರಿ ದೊಡ್ಡದಾದರೆ ನಾಲ್ಕು ಕೂಗು ಬೇಗ ಆಗಿಬಿಡುತ್ತವೆ, ಬೇಳೆ ಬೆಂದಿರುವುದಿಲ್ಲ. ಮೊದಲ ಕೂಗಿನ ನಂತರ ಉರಿ ಸಣ್ಣದು ಮಾಡಿ ಗಡಿಯಾರ ನೋಡುವುದೇ ಸರಿ: ನೆನೆಸಿದ ತೊಗರಿಬೇಳೆಗೆ ಸುಮಾರು 8ರಿಂದ 10 ನಿಮಿಷ, ಅನ್ನಕ್ಕೆ ಸುಮಾರು 5. ಗ್ಯಾಸೂ ಉಳಿಯುತ್ತದೆ. ಬೇಗ ಬೇಯಲೆಂದು ಸೋಡಾ ಹಾಕಬೇಡಿ, ಬಿ1 ಜೀವಸತ್ವ ನಾಶವಾಗುತ್ತದೆ. ಸೌದೆ ಒಲೆಯಲ್ಲಿ ಉರಿ ಹಿಡಿತದಲ್ಲಿರುವುದಿಲ್ಲ, ಹಿಡಿಕೆಯೂ ಸುಡುತ್ತದೆ. ಅಲ್ಲಿ ತೆರೆದ ಪಾತ್ರೆಯೇ ವಾಸಿ.

ಒಂದು ಮಾತು ರೋಗಿಗಳಿಗೆ. ಮೂತ್ರಪಿಂಡದ ತೊಂದರೆಯವರಿಗೆ ತರಕಾರಿ ಬೇಯಿಸಿ ನೀರು ಬಸಿಯಲು ವೈದ್ಯರು ಹೇಳಿದ್ದರೆ, ಕುಕ್ಕರಿನಲ್ಲಿ ಸ್ವಲ್ಪ ನೀರಿನಲ್ಲಿ ಬೇಯಿಸಿದರೆ ಆ ಉದ್ದೇಶ ಈಡೇರದು. ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ಸಕ್ಕರೆ ಕಾಯಿಲೆಯವರಿಗೆ ಅನ್ನ ಗಂಜಿಯಷ್ಟು ಮೆತ್ತಗಾದರೆ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ, ಹದ ನೋಡಿಕೊಳ್ಳಿ.

ತೆರೆಯುವಾಗ

ಒಲೆ ಆರಿಸಿ ಹತ್ತು ನಿಮಿಷವಾದರೂ ಬಿಡಿ. ನಂತರ ಉದ್ದ ಚಮಚದಿಂದ ವಿಷಲನ್ನು ಸ್ವಲ್ಪ ಎತ್ತಿ ನೋಡಿ. ಸುಂಯ್ ಎಂಬ ಸದ್ದು ಬಂದರೆ ಇನ್ನೂ ಕಾಯಿರಿ. ಬೇಳೆ, ಗಂಜಿ ಇದ್ದರೆ ವಿಷಲ್ ಎತ್ತುವುದೂ ಬೇಡ, ಬಿಸಿ ಗಂಜಿ ಚಿಮ್ಮುತ್ತದೆ, ತಾನಾಗಿ ಇಳಿಯಲಿ. ಮುಚ್ಚಳ ಬಿಗಿಯಾಗಿದ್ದರೆ ಅದು ಇನ್ನೂ ಒತ್ತಡವಿದೆ ಎಂಬ ಸೂಚನೆ, ಬಡಿಯಬೇಡಿ. ತೆರೆಯುವಾಗ ಮುಖ ದೂರವಿಟ್ಟು ಮುಚ್ಚಳದ ಆಚೆ ಬದಿಯನ್ನು ಮೊದಲು ಎತ್ತಿ. ಮಕ್ಕಳು ಹತ್ತಿರ ಇರಬಾರದು.

ಸುಟ್ಟರೆ ತಕ್ಷಣ ನಲ್ಲಿಯ ತಣ್ಣೀರನ್ನು 20 ನಿಮಿಷ ಹರಿಯಬಿಡಿ. ಬಾವು ಬರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಶಿನ, ಶಾಯಿ ಯಾವುದನ್ನೂ ಹಚ್ಚಬೇಡಿ. ಗುಳ್ಳೆ ಒಡೆಯಬೇಡಿ. ಒಗೆದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ. ಮುಖ, ಕಣ್ಣು, ಕೈ ಸುಟ್ಟಿದ್ದರೆ ಅಥವಾ ಸುಟ್ಟವರು ಮಗು, ಗರ್ಭಿಣಿ, ಸಕ್ಕರೆ ಕಾಯಿಲೆಯವರಾಗಿದ್ದರೆ ಗಾಯ ಚಿಕ್ಕದೆಂದು ಮನೆಯಲ್ಲೇ ಇರಿಸಿಕೊಳ್ಳದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.